ವಾಕಿಂಗ್ ಒಂದೇ ಸಾಲದು, ಕಾಲಿಗೆ ಬಲವೂ ಬೇಕು

ಮಾನ್ಯ ಸಂಪಾದಕರೇ,

ವಯಸ್ಸಾದವರಿಗೆ ಎಲ್ಲರೂ ಹೇಳುವುದು ಒಂದೇ: ವಾಕಿಂಗ್ ಮಾಡಿ. ಪತ್ರಿಕೆಗಳ ಆರೋಗ್ಯ ಪುಟದಲ್ಲೂ ಜಾಸ್ತಿ ಬರುವುದು ಅದೇ. ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ನಾನು ಮೂಳೆ ವಾರ್ಡಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳು. ತೊಡೆಮೂಳೆ ಮುರಿದುಕೊಂಡು ಬರುತ್ತಿದ್ದವರಲ್ಲಿ ದಿನಾ ವಾಕಿಂಗ್ ಹೋಗುವ ಅಜ್ಜ ಅಜ್ಜಿಯರೂ ಇದ್ದರು. ಬಿದ್ದಿದ್ದು ರಸ್ತೆಯಲ್ಲಲ್ಲ. ಬಚ್ಚಲಲ್ಲಿ, ಮಂಚದಿಂದ ಏಳುವಾಗ, ಹೊಸ್ತಿಲು ದಾಟುವಾಗ. ಕಾಲು ಯಾರಿಗಾದರೂ ಜಾರುತ್ತದೆ. ಜಾರಿದಾಗ ಮೈ ತಡೆದು ನಿಲ್ಲಿಸಬೇಕಾದ್ದು ತೊಡೆಯ ಸ್ನಾಯು. ಅದೇ ಕರಗಿ ಹೋಗಿರುತ್ತದೆ.

ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನಕ್ಕೆ ಕಡಿಮೆಯಾಗುತ್ತಾ ಬರುತ್ತದೆ, ಅರವತ್ತರ ನಂತರ ಇನ್ನೂ ಬೇಗ. ತೂಕ ನೋಡಿದರೆ ಗೊತ್ತಾಗುವುದಿಲ್ಲ, ಆ ಜಾಗದಲ್ಲಿ ಕೊಬ್ಬು ಬಂದು ಕೂತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ: 65 ದಾಟಿದವರು ನಡಿಗೆಯಂಥ ವ್ಯಾಯಾಮದ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು. ನಾವು ಮೊದಲರ್ಧ ಮಾತ್ರ ಓದಿಕೊಂಡೆವು.

‘ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ’ ಅನ್ನುವವರಿಗೆ ಒಂದು ಮಾತು. ಅಮೆರಿಕದ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕೊನೆವರೆಗೂ ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ದುಪ್ಪಟ್ಟಿಗಿಂತ ಜಾಸ್ತಿಯಾಗಿತ್ತು.

ಈಗ ಪಾರ್ಕುಗಳಲ್ಲಿ ಓಪನ್ ಜಿಮ್ ಬಂದಿದೆ, ಸಂತೋಷ. ಆದರೆ ನಮ್ಮ ಪಾರ್ಕಿನಲ್ಲಿ ಜನ ಹತ್ತುವುದು ಕಾಲು ಹಿಂದೆ ಮುಂದೆ ಆಡಿಸುವ ಆ ಮಷಿನ್ ಮೇಲೆ. ಜೋಕಾಲಿ ಆಡಿದ ಹಾಗೆ ಆಡಿ, ಮೊಮ್ಮಕ್ಕಳ ಸುದ್ದಿ ಹೇಳಿ ಇಳಿಯುತ್ತಾರೆ. ಅದರಲ್ಲಿ ಭಾರ ಹೆಚ್ಚಿಸಲು ದಾರಿಯೇ ಇಲ್ಲ. ಕಷ್ಟ ಆಗದಿದ್ದರೆ ಸ್ನಾಯು ಯಾಕೆ ಬೆಳೆಯುತ್ತದೆ ಹೇಳಿ?

ಮನೆಯಲ್ಲೇ ಆಗುತ್ತದೆ. ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಕೈ ಎದೆಗೆ ಕಟ್ಟಿ, ಪಾದ ಹಿಂದಕ್ಕೆಳೆದು, ಮುಂದೆ ಬಾಗಿ ಎದ್ದು ನಿಲ್ಲಿ. ಏಳುವಾಗ ಉಸಿರು ಬಿಡಿ, ಬಿಗಿಹಿಡಿಯಬೇಡಿ. ಕೂರುವಾಗ ಧೊಪ್ಪನೆ ಬೀಳದೆ ನಿಧಾನಕ್ಕೆ ಇಳಿಯಿರಿ, ಅರ್ಧ ಕೆಲಸ ಇರುವುದು ಅಲ್ಲೇ. ಹತ್ತು ಸಲ ಸಲೀಸಾದರೆ ಎರಡು ಕೆಜಿ ಅಕ್ಕಿ ಚೀಲ ಅವುಚಿಕೊಂಡು ಏಳಿ. ಆಮೇಲೆ ಐದು ಕೆಜಿ. ನಾನಂತೂ ಹಾಲು ಉಕ್ಕುವ ತನಕ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಿರುತ್ತೇನೆ. ಹೃದಯದ ತೊಂದರೆ, ಮಂಡಿನೋವು ಇದ್ದವರು ಡಾಕ್ಟರನ್ನು ಕೇಳಿ ಶುರು ಮಾಡಿ. (ಒರಳು, ರಾಟೆ ಇದ್ದ ಕಾಲವೇ ಚೆನ್ನಾಗಿತ್ತು ಅನ್ನುವವಳಲ್ಲ ನಾನು. ನಮ್ಮಮ್ಮನ ಸೊಂಟ ಹೋಗಿದ್ದೇ ಅದರಲ್ಲಿ.)

ಊಟದ ವಿಷಯ. ವಯಸ್ಸಾಯಿತು, ಜೀರ್ಣ ಆಗಲ್ಲ ಅಂತ ರಾತ್ರಿ ಗಂಜಿಗೆ ಇಳಿಯುತ್ತಾರೆ. ತಿಳಿಸಾರು ಅನ್ನದಲ್ಲಿ ಸ್ನಾಯು ಕಟ್ಟುವ ಪ್ರೋಟೀನ್ ಎಷ್ಟು ಸಿಕ್ಕೀತು? ವಯಸ್ಸಾದವರಿಗೆ ಕೆಜಿ ತೂಕಕ್ಕೆ ದಿನಕ್ಕೆ ಒಂದು ಗ್ರಾಂನಷ್ಟಾದರೂ ಬೇಕು ಅನ್ನುತ್ತಾರೆ ತಜ್ಞರು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 50 ಗ್ರಾಂ ಒಣ ಹುರುಳಿಕಾಳಿನಲ್ಲಿ 11 ಗ್ರಾಂ. ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯ ಮಕ್ಕಳಿಗೆ ಬಡಿಸಿ ತಾವು ಬರೀ ಸಾರು ಸುರಿದುಕೊಳ್ಳುವ ಹೆಂಗಸರೇ ಜಾಸ್ತಿ, ಅಲ್ವಾ? ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಈ ಲೆಕ್ಕ ಬೇರೆ.

ಆರೋಗ್ಯ ಇಲಾಖೆಗೆ ನನ್ನದೊಂದು ಕೋರಿಕೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ನೋಡುತ್ತಾರೆ. ಅಲ್ಲೇ ಅರವತ್ತು ದಾಟಿದವರಿಗೆ ಒಂದು ಕುರ್ಚಿ ಹಾಕಿ, ಕೈ ಊರದೆ ಐದು ಸಲ ಎದ್ದು ಕೂರಲು ಹೇಳಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಗ್ಗಿರಬಹುದು ಎನ್ನುತ್ತದೆ ಏಷ್ಯಾದ ತಜ್ಞರ 2019ರ ಮಾನದಂಡ. ಅಂಥವರನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಲಿ. ಇದಕ್ಕೆ ಲ್ಯಾಬ್ ಬೇಡ, ಸೂಜಿ ಬೇಡ. ಕುರ್ಚಿ ಹೇಗೂ ಇದೆ, ಸೆಕೆಂಡ್ ಮುಳ್ಳಿರುವ ಗಡಿಯಾರ ನರ್ಸ್ ಕೈಯಲ್ಲೇ ಇರುತ್ತದೆ.

– ನಿವೃತ್ತ ಸ್ಟಾಫ್ ನರ್ಸ್, ಶಿವಮೊಗ್ಗ ಜಿಲ್ಲೆ