ಭಾನುವಾರದ ಮಾತುಕತೆಗೆ ಮುಂಚೆ ಇದನ್ನೊಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಕಳೆದ ವಾರದ ಒಂದು ಪ್ರಶ್ನೆ ಹಾಗೇ ಉಳಿದಿತ್ತು. ಇ. ಕೊಲೈ ಬ್ಯಾಕ್ಟೀರಿಯಾಕ್ಕೆ ತನ್ನ ನಟ್ಟನಡು ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ? ಉದ್ದವೇ ಬರೀ 2-3 ಮೈಕ್ರಾನ್, ಕೈಯಲ್ಲಿ ಟೇಪೂ ಇಲ್ಲ!

ಈ ಬ್ಯಾಕ್ಟೀರಿಯಾ ನಡುವೆ ಸೀಳಿ ಎರಡಾಗುತ್ತದೆ. ಆ ಜಾಗದಲ್ಲಿ ಎಫ್‌ಟಿಎಸ್‌ಝಡ್ ಎಂಬ ಪ್ರೋಟೀನ್ ಬಳೆಯಂತೆ ಕೂರುತ್ತದೆ. ಇದು ಗೊತ್ತಾದದ್ದು 1991ರಲ್ಲಿ. ಉಳಿದ ಪ್ರೋಟೀನ್‌ಗಳು ಅಲ್ಲಿಗೇ ಬಂದು ಸೇರಿ ಹೊಸ ಗೋಡೆ ಕಟ್ಟುತ್ತವೆ.

ಸರಿ, ಬಳೆ ತುದಿಯಲ್ಲಿ ಯಾಕೆ ಕೂರುವುದಿಲ್ಲ? ಮಜಾ ಇರುವುದು ಇಲ್ಲೇ. ಮಿನ್‌ಸಿ ಎಂಬ ಪ್ರೋಟೀನ್ ಬಳೆ ಕಟ್ಟಲು ಬಿಡುವುದಿಲ್ಲ. ಅದು ಮಿನ್‌ಡಿ ಎಂಬ ಇನ್ನೊಂದು ಪ್ರೋಟೀನ್ ಜೊತೆ ಒಂದು ತುದಿಯ ಪೊರೆಗೆ ಅಂಟಿಕೊಳ್ಳುತ್ತದೆ. ಮೂರನೇ ಪ್ರೋಟೀನ್ ಮಿನ್‌ಇ ಬಂದು ಎರಡನ್ನೂ ಎಬ್ಬಿಸುತ್ತದೆ. ಅವು ಇನ್ನೊಂದು ತುದಿಗೆ ಹೋಗಿ ಕೂರುತ್ತವೆ. ಅಲ್ಲೂ ನೆಮ್ಮದಿ ಇಲ್ಲ, ಮಿನ್‌ಇ ಮತ್ತೆ ಹಾಜರು. ಸುಮಾರು ಒಂದು ನಿಮಿಷಕ್ಕೊಮ್ಮೆ ಹೀಗೆ ಹೋಗಿ ಬರುವ ಆಟ. ಒಟ್ಟಾರೆ ನೋಡಿದರೆ ಮಿನ್‌ಸಿ ತುದಿಗಳಲ್ಲಿ ಜಾಸ್ತಿ, ನಡುವೆ ಕಡಿಮೆ. ಬಳೆಗೆ ಜಾಗ ಸಿಗುವುದು ಅಲ್ಲೇ. ಸುಮ್ನೆ ಓಡಾಡಿದ್ದಲ್ಲ, ಅಲ್ವಾ? ಖರ್ಚಿಗೆ ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಬೇಕು.

ಮಿನ್ ಜೀನ್‌ಗಳು ಕೆಟ್ಟರೆ ತುದಿಯಲ್ಲೇ ತುಂಡಾಗಿ, ಕ್ರೋಮೋಸೋಮ್ ಇಲ್ಲದ ಪುಟಾಣಿ ಕೋಶಗಳು ಹುಟ್ಟುತ್ತವೆ. ಅವೇ ಮಿನಿಸೆಲ್‌ಗಳು. 'ಮಿನ್' ಹೆಸರು ಬಂದದ್ದೂ ಅಲ್ಲಿಂದಲೇ.

ಭಾನುವಾರ ಸಂಜೆ 6ಕ್ಕೆ ಸೇರೋಣ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಮಿನ್‌ಇ ಇಲ್ಲ, ಈ ಓಡಾಟವೂ ಇಲ್ಲ. ಅಲ್ಲಿ ಡಿವ್‌ಐವಿಎ ಎಂಬ ಪ್ರೋಟೀನ್ ಏನು ಮಾಡುತ್ತದೆ ಅಂತ ಯಾರಾದರೂ ಓದಿಕೊಂಡು ಬನ್ನಿ. ದಯವಿಟ್ಟು ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಚಿತ್ರಗಳು ಬೇಡ.