ಗ್ರೀನ್ ಕಾರ್ಡ್ ಅರ್ಜಿಗೆ ಮೊದಲು ಅಪ್ಪ-ಅಮ್ಮನನ್ನು ಕೇಳಿ

ಮಾನ್ಯ ಸಂಪಾದಕರೇ,

ಮಗನಿಗೋ ಮಗಳಿಗೋ ಅಮೆರಿಕದ ಪೌರತ್ವ ಸಿಕ್ಕಿತೆಂಬ ಸುದ್ದಿ ಊರು ಮುಟ್ಟಿದ ಮರುದಿನವೇ, 'ಹಾಗಾದರೆ ಅಪ್ಪ-ಅಮ್ಮನಿಗೂ ಗ್ರೀನ್ ಕಾರ್ಡ್ ಮಾಡಿಸಿಬಿಡು, ಪ್ರತಿ ಸಲ ವೀಸಾಕ್ಕೆ ಅಲೆಯುವುದು ತಪ್ಪುತ್ತದೆ' ಎಂಬ ಸಲಹೆ ನೆಂಟರಿಷ್ಟರಿಂದ ಬರತೊಡಗುತ್ತದೆ. ಗ್ರೀನ್ ಕಾರ್ಡ್ ಎಂದರೆ ಅಮೆರಿಕದಲ್ಲಿ ಕಾಯಂ ಆಗಿ ನೆಲೆಸಲು ಕೊಡುವ ಪರವಾನಗಿ. ಸಾಗರ ತಾಲ್ಲೂಕಿನಿಂದ ಹೋಗಿ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾನು ಈ ಸಲಹೆಯಂತೆ ತಂದೆ-ತಾಯಿ ಇಬ್ಬರನ್ನೂ ಸ್ಪಾನ್ಸರ್ ಮಾಡಿ ಕರೆಸಿಕೊಂಡೆ. ಎರಡು ವರ್ಷ ತುಂಬುವ ಮೊದಲೇ ತಂದೆಯವರು ತಮ್ಮ ಕಾರ್ಡನ್ನು ತಾವಾಗಿಯೇ ಹಿಂದಿರುಗಿಸಿದರು. ತಪ್ಪು ಅವರದಲ್ಲ, ಅವರನ್ನು ಸರಿಯಾಗಿ ಕೇಳದೆ ಅರ್ಜಿ ಹಾಕಿದ ನನ್ನದು. ಇದೇ ಹಾದಿಯಲ್ಲಿರುವ ಕುಟುಂಬಗಳಿಗೆ ಉಪಯೋಗವಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ಕಾನೂನಿನ ಮಟ್ಟಿಗೆ ಇದು ಸುಲಭದ ದಾರಿಯೇ. 21 ವರ್ಷ ತುಂಬಿದ ಅಮೆರಿಕದ ಪೌರರು ತಮ್ಮ ತಂದೆ-ತಾಯಿಯನ್ನು ಕರೆಸಿಕೊಳ್ಳಲು ವಾರ್ಷಿಕ ಮಿತಿಯಿಲ್ಲ, ಸರದಿಯೂ ಇಲ್ಲ; 1965ರ ವಲಸೆ ಕಾಯ್ದೆಯೇ ಇದಕ್ಕೆ ಆಧಾರ. ಬರೀ ಗ್ರೀನ್ ಕಾರ್ಡ್ ಇರುವವರಿಗೆ ಈ ಹಕ್ಕಿಲ್ಲ. ಕೆನಡಾದಲ್ಲಿ ಹೆಸರು ಕೊಟ್ಟವರ ಪಟ್ಟಿಯಿಂದ ಲಾಟರಿ ಎತ್ತಿದಂತೆ ಕೆಲವರನ್ನು ಆರಿಸಿ ಕರೆಯುತ್ತಾ ಬಂದದ್ದನ್ನೂ, ಬ್ರಿಟನ್ 2012ರಲ್ಲಿ ಈ ಬಾಗಿಲನ್ನು ಹೆಚ್ಚುಕಡಿಮೆ ಮುಚ್ಚಿದ್ದನ್ನೂ ನೋಡಿದರೆ ಅಮೆರಿಕದ ಏರ್ಪಾಡು ಉದಾರವೆಂದೇ ಹೇಳಬೇಕು. ಆದರೆ ಆ ಸುಲಭದಲ್ಲಿ ಒಂದು ವಿಚಿತ್ರವಿದೆ: ಮೊದಲ ಹೆಜ್ಜೆಯಾದ ಐ-130 ಅರ್ಜಿಯನ್ನು ತಂದೆಗೊಂದು, ತಾಯಿಗೊಂದು ಎಂದು ಬೇರೆ ಬೇರೆಯಾಗಿ ಹಾಕಬೇಕು, ಆದರೆ ಎರಡಕ್ಕೂ ಸಹಿ ಮಗ ಅಥವಾ ಮಗಳದ್ದು ಮಾತ್ರ. ತಂದೆ-ತಾಯಿಯ ಒಂದು ರುಜುವೂ ಇಲ್ಲದೆ ಕೆಲಸ ಶುರುವಾಗಿಬಿಡುತ್ತದೆ.

ಆಮೇಲೆ ದಾಖಲೆಗಳ ಬೇಟೆ. ನಮ್ಮಲ್ಲಿ ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕಿಂತ ಮೊದಲು ಹಳ್ಳಿಯ ಮನೆಯಲ್ಲಿ ಹುಟ್ಟಿದ ನನ್ನ ಅಮ್ಮನ ಜನನ ಯಾವ ಪುಸ್ತಕದಲ್ಲೂ ದಾಖಲಾಗಿರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕಕ್ಕೆ ಸರಿಹೊಂದುವಂತೆ ಬರೆದುಕೊಂಡ ಜೂನ್ 1 ಅವರ ಹುಟ್ಟಿದ ದಿನವಾಯಿತು. ತವರಿನ ಹೆಸರು ಶಾಲೆಯ ದಾಖಲೆಯಲ್ಲಿ, ಮದುವೆಯಲ್ಲಿ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ, ಇನಿಷಿಯಲ್ಲು ಬಿಡಿಸಿ ಬರೆದ ಮೂರನೆಯ ರೂಪ ಪಾಸ್‌ಪೋರ್ಟಿನಲ್ಲಿ. ಜನನ ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರ ಪಡೆದು, ಆ ಹುಟ್ಟನ್ನು ಬಲ್ಲ ಹಿರಿಯ ನೆಂಟರಿಂದ ಅಫಿಡವಿಟ್ ಬರೆಸಿ, ವೈದ್ಯಕೀಯ ತಪಾಸಣೆ ಮುಗಿಸಿ, ಮುಂಬೈಯ ಸಂದರ್ಶನಕ್ಕೆ ಹೋಗಿಬರುವಷ್ಟರಲ್ಲಿ ನಾವೆಲ್ಲ ಹೈರಾಣಾಗಿದ್ದೆವು. ಇಷ್ಟು ಕಷ್ಟಪಟ್ಟ ಮೇಲೆ 'ನಮಗೆ ಬೇಡ' ಎನ್ನುವುದು ಯಾವ ತಂದೆ-ತಾಯಿಗೂ ಸುಲಭವಲ್ಲ.

ನಿಜವಾದ ತೊಡಕು ಕಾರ್ಡ್ ಕೈಗೆ ಬಂದ ಮೇಲಿನದು. ಆರು ತಿಂಗಳಿಗೊಮ್ಮೆ ಅಮೆರಿಕಕ್ಕೆ ಬಂದು ಮುಖ ತೋರಿಸಿ ಹೋದರೆ ಸಾಕೆಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ, ಮುಂಚಿತವಾಗಿ ಮರುಪ್ರವೇಶದ ಪರವಾನಗಿ ಪಡೆದಿರದ ಹೊರತು ಕಾರ್ಡ್ ತೋರಿಸಿ ಒಳಬರಲಾಗದೆಂಬುದು ನಿಜ. ಆದರೆ ಅದಕ್ಕಿಂತ ಕಡಿಮೆ ಅವಧಿಗೆ ಹೋಗಿಬರುವವರನ್ನೂ, ನಿಮ್ಮ ಮನೆ ನಿಜವಾಗಿ ಯಾವ ದೇಶದಲ್ಲಿದೆ ಎಂದು ವಿಮಾನ ನಿಲ್ದಾಣದ ಅಧಿಕಾರಿ ಪ್ರಶ್ನಿಸಬಹುದು. ನಮ್ಮ ತಂದೆಯವರದು ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಸಬೇಕು. ನವೆಂಬರಿನಿಂದ ಕೊನೆ, ಅಂದರೆ ಅಡಿಕೆ ಗೊನೆಗಳ, ಕೊಯ್ಲು, ಆಮೇಲೆ ಸುಲಿಸಿ, ಬೇಯಿಸಿ, ಒಣಗಿಸುವ ಗಡಿಬಿಡಿ. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನನ್ನು ಫೋನಿನಲ್ಲಿ ಹಿಡಿದಿಡುವುದು ಸಾಧ್ಯವೇ? ಹೀಗಾಗಿ ವರ್ಷದ ಬಹುಪಾಲು ಅವರು ಸಾಗರದಲ್ಲೇ ಇರುತ್ತಿದ್ದರು. ಎರಡನೆಯ ಸಲ ಮರಳುವಾಗ ಅಧಿಕಾರಿಯೊಬ್ಬರು ಬಹಳ ಹೊತ್ತು ಪ್ರಶ್ನೆ ಕೇಳಿ ಎಚ್ಚರಿಕೆ ಹೇಳಿ ಕಳಿಸಿದರು. ಆ ಅಧಿಕಾರಿಯ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಆದರೆ ಅರವತ್ತೆಂಟು ವರ್ಷದ ಮರ್ಯಾದಸ್ಥರು ತಪ್ಪಿತಸ್ಥರಂತೆ ನಿಂತು ಉತ್ತರ ಹೇಳಬೇಕಾಯಿತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ತೆರಿಗೆಯ ವಿಷಯ ಇನ್ನೂ ಕಡಿಮೆ ಜನರಿಗೆ ಗೊತ್ತು. ಗ್ರೀನ್ ಕಾರ್ಡ್ ಇರುವವರು ಎಲ್ಲೇ ಇದ್ದರೂ, ಜಗತ್ತಿನ ಯಾವ ಮೂಲೆಯಿಂದ ಬಂದ ಆದಾಯವನ್ನೇ ಆದರೂ ಅಮೆರಿಕಕ್ಕೆ ಲೆಕ್ಕ ಒಪ್ಪಿಸಬೇಕು. ಭಾರತದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಅಮೆರಿಕದಲ್ಲಿ ಆ ವಿನಾಯಿತಿ ಇಲ್ಲ, ಅಡಿಕೆಯ ದುಡ್ಡೂ ಲೆಕ್ಕಕ್ಕೆ ಬರುತ್ತದೆ. ಊರಿನ ಬ್ಯಾಂಕ್ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಅದಕ್ಕೂ ಪ್ರತ್ಯೇಕ ವರದಿ ಕೊಡಬೇಕು.

ಆರೋಗ್ಯದ ಖರ್ಚನ್ನು ಮೊದಲೇ ಕೂಡಿಸಿ ನೋಡಿಕೊಳ್ಳಿ. ಹಿರಿಯರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ವಿಮೆಗೆ 65 ವರ್ಷ ತುಂಬಿದ್ದರಷ್ಟೇ ಸಾಲದು. ಹೊಸದಾಗಿ ಬಂದವರು ಐದು ವರ್ಷ ಎಡೆಬಿಡದೆ ಅಲ್ಲಿ ವಾಸಿಸಿರಬೇಕು, ಆಮೇಲೂ ಹತ್ತು ವರ್ಷದಷ್ಟು ದುಡಿಮೆಯ ದಾಖಲೆ ಇಲ್ಲದವರು ಆಸ್ಪತ್ರೆಯ ಭಾಗಕ್ಕೇ ತಿಂಗಳಿಗೆ 500 ಡಾಲರಿಗೂ ಮೀರಿದ ಕಂತು ಕಟ್ಟಬೇಕಾಗಬಹುದು. ಅಲ್ಲಿಯವರೆಗೆ ಖಾಸಗಿ ವಿಮೆಯೇ ಗತಿ. ಸ್ಪಾನ್ಸರ್ ಮಾಡುವವರು ಐ-864 ಎಂಬ ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಅಪ್ಪ-ಅಮ್ಮನನ್ನು ಬಡತನದ ರೇಖೆಯ 125 ಪ್ರತಿಶತಕ್ಕಿಂತ ಕೆಳಗೆ ಬೀಳಗೊಡುವುದಿಲ್ಲವೆಂಬ ಆ ಮಾತು ಅವರು ಪೌರರಾಗುವವರೆಗೆ ಅಥವಾ ಕಾರ್ಡ್ ಬಿಟ್ಟುಕೊಟ್ಟು ದೇಶ ಬಿಟ್ಟು ಹೋಗುವವರೆಗೆ ಬಹುಮಟ್ಟಿಗೆ ಬೆನ್ನಿಗಿರುತ್ತದೆ. ನಮ್ಮ ಮಕ್ಕಳಿಗೆ ಇದೊಂದು ಹೊರೆಯೆನಿಸಲಾರದು, ಆದ್ದರಿಂದ ಆ ಮಾತನ್ನು ಬೆಳೆಸುವುದಿಲ್ಲ.

ಮಕ್ಕಳ ಬಳಿಯೇ ನೆಲೆಸಬೇಕೆಂದು ಮನಸ್ಸು ಮಾಡಿದವರಿಗೆ, ಊರಿನಲ್ಲಿ ನೋಡಿಕೊಳ್ಳುವವರಿಲ್ಲದ ಒಂಟಿ ಹಿರಿಯರಿಗೆ ಗ್ರೀನ್ ಕಾರ್ಡ್ ಬೇಕೇ ಬೇಕು. ಬಂದು ಹೋಗಬೇಕೆನ್ನುವವರಿಗೆ ಪ್ರವಾಸಿ ವೀಸಾ ಸಾಕು. ತಮ್ಮ ತಂದೆ-ತಾಯಿ ಈ ಎರಡರಲ್ಲಿ ಯಾರೆಂಬುದನ್ನು ಅವರಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಬೇಕೆಂದು ಕೋರುತ್ತೇನೆ, ಏಕೆಂದರೆ ಇಬ್ಬರ ಉತ್ತರ ಒಂದೇ ಆಗಿರಬೇಕಿಲ್ಲ. ನಮ್ಮ ಮನೆಯಲ್ಲಿ ಆಗಿರಲಿಲ್ಲ. ತಂದೆಯವರು ಐ-407 ನಮೂನೆ ತುಂಬಿ ಕಾರ್ಡ್ ಒಪ್ಪಿಸಿದರು. ಈಗ ಪ್ರವಾಸಿ ವೀಸಾದಲ್ಲಿ ಫೆಬ್ರುವರಿ ಕೊನೆಗೆ ಬಂದು, ಮದ್ದು ಹೊಡೆಯುವ ಹೊತ್ತಿಗೆ ತೋಟ ಸೇರುತ್ತಾರೆ. ಮೊಮ್ಮಕ್ಕಳಿಗೆ ಒಗ್ಗಿಕೊಂಡ ಅಮ್ಮ ಕಾರ್ಡ್ ಉಳಿಸಿಕೊಂಡು ಇಲ್ಲೇ ಇದ್ದಾರೆ. ಮೆಡಿಕೇರ್‌ಗೆ ಬೇಕಾದ ಅವರ ಐದು ವರ್ಷ ತುಂಬಲು ಇನ್ನೂ ಎರಡು ವರ್ಷ ಬಾಕಿ.

ಇತಿ,
ಸಾಗರ ಮೂಲದ ಓದುಗ, ನ್ಯೂಜೆರ್ಸಿ