ಪುಟ್ಟನ ಮಾತಿನ ವಿಷ್ಯ

ಅಮ್ಮ,

ಫೋನಲ್ಲಿ ಹೇಳಕ್ಕೆ ಹೋದ್ರೆ ಗಂಟಲು ಕಟ್ಟತ್ತೆ, ಅದಕ್ಕೇ ಬರೀತಿದೀನಿ. ಪುಟ್ಟನಿಗೆ ಎರಡೂವರೆ ತುಂಬ್ತು, ಇನ್ನೂ ನಾಲ್ಕೈದೇ ಮಾತು. ನೀನು ಬಜೆ ತೇಯ್ದು ಹಚ್ಚು ಅಂದಿದ್ದೆ, ಬೇಜಾರಾಗ್ಬೇಡ, ಹಚ್ಚಲಿಲ್ಲ, ಮೊದ್ಲು ಕಿವಿ ಟೆಸ್ಟ್ ಮಾಡಿಸ್ದೆ. ಕಿವಿ ಚೆನ್ನಾಗಿದೆ.

ಆಮೇಲೆ ಶುರುವಾಯ್ತು ನೋಡು ಸ್ಪೀಚ್ ಥೆರಪಿಸ್ಟ್ ಹುಡುಕಾಟ. ಮೈಸೂರಲ್ಲಾಗಿದ್ರೆ ಗಂಗೋತ್ರಿ ಹತ್ರ ಸ್ಪೀಚ್ ಅಂಡ್ ಹಿಯರಿಂಗ್‌ಗೆ ಆಟೋಲಿ ಹೋಗಿ ಬರ್ತಿದ್ವಿ. ಇಲ್ಲಿ ಅಮೆರಿಕದಲ್ಲಿ ನಮ್ಮ ಲೆಕ್ಸಿಂಗ್ಟನ್ ಸಣ್ಣ ಊರು, ಒಂದು ಕಡೆ ಆರು ತಿಂಗಳು ಕಾಯಿ ಅಂದ್ರು, ಇನ್ನೊಂದು ಕಡೆ ನಮ್ಮ ಇನ್ಶೂರೆನ್ಸ್ ನಡೆಯಲ್ಲ ಅಂದ್ರು. ಕಾರ್ನಿ ಅನ್ನೋ ಊರಿನ ಯೂನಿವರ್ಸಿಟಿ ಕ್ಲಿನಿಕ್ಕಲ್ಲಿ ಸ್ಟೂಡೆಂಟ್ಸೇ ಥೆರಪಿ ಕೊಡ್ತಾರೆ, ಮೇಲೆ ಸೂಪರ್‌ವೈಸರ್ ಇರ್ತಾರೆ, ಆದ್ರೆ ಹಿಮ ಬಿದ್ರೆ ಐ-80 ಹೆದ್ದಾರಿ ಮೇಲೆ ಮಗೂನ ಕೂರಿಸ್ಕೊಂಡು ಹೋಗಕ್ಕೆ ನಂಗೆ ಧೈರ್ಯ ಇಲ್ಲ.

ಲೈಬ್ರರೀಲಿ ಸಿಕ್ಕ ಒಬ್ರು ತಾಯಿ ಹೇಳಿದ್ರು, ಮೂರರೊಳಗಿನ ಮಕ್ಕಳಿಗೆ ಇಲ್ಲಿ ಕಾನೂನೇ ಇದೆ, ಡಾಕ್ಟರ್ ಚೀಟಿ ಬೇಡ, ನೀವೇ ಫೋನ್ ಮಾಡಿ ಅಂತ. ಮಾಡ್ದೆ. ನಮ್ಮ ರಾಜ್ಯ ನೆಬ್ರಾಸ್ಕಾದಲ್ಲಿ ಇದನ್ನ ನೋಡ್ಕೊಳೋರಿಗೆ ಅರ್ಲಿ ಡೆವಲಪ್‌ಮೆಂಟ್ ನೆಟ್‌ವರ್ಕ್ ಅಂತಾರೆ. ಕರೆ ಮಾಡಿದ 45 ದಿನದೊಳಗೆ ಮಗೂನ ನೋಡಿ, ಏನು ಸಹಾಯ ಬೇಕು ಅಂತ ಮಾತಾಡಕ್ಕೆ ನಮ್ಮ ಜೊತೆ ಮೀಟಿಂಗ್ ಕರೀಬೇಕು, ದುಡ್ಡು ತಗೊಳೋ ಹಾಗಿಲ್ಲ. ಮೊದ್ಲೇ ಗೊತ್ತಿದ್ರೆ ನಾಲ್ಕು ತಿಂಗಳು ಉಳೀತಿತ್ತು ಅಂತ ಹೊಟ್ಟೆ ಉರೀತು.

ಈಗ ಥೆರಪಿಸ್ಟ್ ಮನೇಗೇ ಬರ್ತಾರೆ. ನಾನು ಹೆದರ್ಕೊಂಡೇ ಕೇಳ್ದೆ, ಕನ್ನಡ ಬಿಡ್ಬೇಕಾ ಅಂತ. ಖಂಡಿತ ಬೇಡ, ಎರಡು ಭಾಷೆಯಿಂದ ಮಾತು ತಡ ಆಗಲ್ಲ, ಅವನ ಹತ್ರ ಕನ್ನಡದಲ್ಲೇ ಮಾತಾಡಿ ಅಂದ್ರು. ಆಮೇಲೆ ಸೋಪ್ ನೀರಿನ ಬಾಟಲಿ ತಂದು ಒಂದ್ಸಲ ಗುಳ್ಳೆ ಊದಿ ಮುಚ್ಚಳ ಬಿಗಿಯಾಗಿ ಮುಚ್ಚಿಬಿಟ್ರು. ಸುಮ್ನೆ ಅವನ ಮುಖ ನೋಡ್ತಾ ಕೂತ್ರು. ಅವನು ಬಾಟಲಿ ನೋಡ್ದ, ಅವರನ್ನ ನೋಡ್ದ, ನನ್ನ ನೋಡ್ದ, ನಾನು ಬಾಯಿ ಬಿಡೋಷ್ಟರಲ್ಲಿ ಅವರು ಕೈ ಅಡ್ಡ ಹಿಡಿದ್ರು. ಆಗ ಬಂತಮ್ಮ, “ಬೇಕು”. ಅವರಿಗೆ ಅರ್ಥ ಗೊತ್ತಿಲ್ಲ, ಆದ್ರೂ ತಕ್ಷಣ ಮುಚ್ಚಳ ತೆಗೆದು ಊದಿದ್ರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅದಕ್ಕೆ ಭಾನುವಾರ ವಿಡಿಯೋ ಕಾಲಲ್ಲಿ “ಅಜ್ಜಿ ಅನ್ನು, ಅಜ್ಜಿ ಅನ್ನು” ಅಂತ ಒತ್ತಾಯ ಮಾಡ್ಬೇಡ. ಏನಾದ್ರೂ ತೋರ್ಸಿ ಮನಸಲ್ಲೇ ಐದು ಎಣಿಸು, ಸುಮ್ನಿರು, ಅಪ್ಪಂಗೂ ಹೇಳು. ಅತ್ತೆ ಇಂಗ್ಲಿಷಲ್ಲಿ ಮಾತಾಡ್ಸಕ್ಕೆ ಬಂದ್ರೆ ಬೇಡ ಅನ್ನು. ಹಿತ್ತಲ ಗೋಡೆ ಮೇಲೆ ಕಾಗೆ ಬಂದ್ರೆ ಫೋನ್ ಆ ಕಡೆ ತಿರುಗ್ಸು, ಕಾಗೆ ಅಂದ್ರೆ ಈಗ ಕತ್ತೆತ್ತಿ ನೋಡ್ತಾನೆ.

ನಿನ್ನ ಮಗಳು